ಕೆರೆಗೆ ಗೊಬ್ಬರ ಹಾಕ್ತಿರೋದು ಯಾರು? ಚರಂಡಿ ಹಿಡಿದು ಮೇಲಕ್ಕೆ ನಡೆಯಿರಿ

ಯಲಹಂಕ ಕಡೆ ಒಂದು ಸಣ್ಣ ಕೆರೆ. ಅದರ ಮೇಲ್ಗಡೆ ರಸ್ತೆಯಲ್ಲಿ ನನ್ನ ದಿನಸಿ ಅಂಗಡಿ. ವಾಕಿಂಗ್ ಮುಗಿಸಿ ಹಾಲಿಗೆ ಬರುವವರದು ದಿನಾ ಒಂದೇ ಮಾತು: "ಅಣ್ಣಾ, ಕೆರೆ ಮತ್ತೆ ಹಸಿರಾಗಿದೆ. ಯಾರಾದ್ರೂ ಕ್ಲೀನ್ ಮಾಡಿಸಬಾರದಾ?" ಮಾಡಿಸಿದ್ದಾಯ್ತು. ನೀರಿನ ಮೇಲೆ ತೇಲುವ ಕಳೆ ಅಂತರಗಂಗೆ ಕಿತ್ತರು, ಮತ್ತೆ ಬಂತು. ಮೇಲಿನಿಂದ ಊಟ ಬರ್ತಾನೇ ಇದ್ದರೆ ಅದು ಯಾಕೆ ಹೋಗುತ್ತೆ?

ಊಟ ಅಂದರೆ ರಂಜಕ (ಫಾಸ್ಫರಸ್) ಮತ್ತು ಸಾರಜನಕ (ನೈಟ್ರೋಜನ್). ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದಲ್ಲಿ ಇರುವುದೂ ಇವೇ. ಒಬ್ಬ ಮನುಷ್ಯನ ಮಲಮೂತ್ರದಲ್ಲೇ ದಿನಕ್ಕೆ ಸುಮಾರು 1ರಿಂದ 2 ಗ್ರಾಂ ರಂಜಕ ಹೋಗುತ್ತದೆ. ಬಟ್ಟೆ ಪೌಡರ್, ಸಗಣಿ, ಮುಸುರೆ ಎಲ್ಲ ಬೇರೆ. ತಿಪ್ಪಗೊಂಡನಹಳ್ಳಿ ಜಲಾಶಯದ ಲೆಕ್ಕವೂ ಇದೇ. 1933ರಲ್ಲಿ ಕಟ್ಟಿದ್ದು, ನಮ್ಮಪ್ಪ ಕುಡಿದು ಬೆಳೆದಿದ್ದು ಅದರ ನೀರು. ಅರ್ಕಾವತಿ, ಕುಮುದ್ವತಿ ದಂಡೆಯ ಊರುಗಳು ಏನು ಬಿಡುತ್ತವೋ ಅದೇ ಅಲ್ಲಿ ಬಂದು ನಿಲ್ಲುತ್ತದೆ. ಹಾಗಾಗಿ ಕೆರೆ ದಡದಲ್ಲಿ ನಿಂತು ಬೈಯುವುದು ಬಿಟ್ಟು, ಚರಂಡಿ ಹಿಡಿದು ಮೇಲಕ್ಕೆ ನಡೆಯಿರಿ.

ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ಹಿಂದಿನ ಮೂರು ನಾಲ್ಕು ದಿನ ಮಳೆ ಬಂದಿರಬಾರದು. ಭಾನುವಾರ ಬೆಳಗ್ಗೆ ಎಂಟು ಗಂಟೆ ಆದರೆ ಇನ್ನೂ ಒಳ್ಳೆಯದು, ಎಲ್ಲರ ಮನೆಯಲ್ಲೂ ಬಟ್ಟೆ ಒಗೆಯುವ ಹೊತ್ತು. ರಾಜಕಾಲುವೆ ಇರುವುದು ಮಳೆ ನೀರಿಗೆ. ಮಳೆಯಿಲ್ಲದ ದಿನ ಅದರಲ್ಲಿ ನೀರು ಹರಿಯುತ್ತಿದ್ದರೆ ಅದು ಯಾರದೋ ಮನೆಯ ನೀರು. ಪ್ರತಿ ಕವಲಿನಲ್ಲಿ ನಿಂತು ನೋಡಿ, ಒಣಗಿರುವ ಕಡೆ ಬಿಡಿ, ಹರಿಯುವ ಕಡೆ ತಿರುಗಿ. ಹಾಲಿನ ಬಣ್ಣ, ಮೇಲೆ ನೊರೆ ಇದ್ದರೆ ಬಟ್ಟೆ ನೀರು. ಕಪ್ಪಗಿದ್ದು ಮೂಗು ಮುಚ್ಚುವ ಹಾಗಿದ್ದರೆ ಒಳಚರಂಡಿ. ಹುಲ್ಲಿನ ಕಡ್ಡಿ ತೇಲುತ್ತಿದ್ದರೆ ಮೇಲೆಲ್ಲೋ ಕೊಟ್ಟಿಗೆ ಇದೆ.

ನಾನು ನೊರೆ ಹಿಡಿದು ಹೋದೆ. ಮೊದಲ ಕವಲು, ಎರಡನೆಯದು, ದೇವಸ್ಥಾನದ ಹಿಂದಿನ ಓಣಿ. ಕೊನೆಗೆ ಬಂದು ನಿಂತಿದ್ದು ನನ್ನದೇ ಕಟ್ಟಡದ ಮುಂದೆ! ಮೇಲಿನ ಬಾಡಿಗೆ ಮನೆಯವರ ವಾಷಿಂಗ್ ಮೆಷಿನ್ ಬಾಲ್ಕನಿಯಲ್ಲಿತ್ತು. ಅದರ ಪೈಪು ಮಳೆ ನೀರಿನ ಪೈಪಿಗೆ ಸೇರಿತ್ತು. ಅವರ ತಪ್ಪಲ್ಲ. ಕಟ್ಟುವಾಗ ಪ್ಲಂಬರ್ "ಇದಕ್ಕೇ ಸೇರಿಸಿಬಿಡೋಣ ಸಾರ್, ಇನ್ನೊಂದು ಪೈಪ್ ಯಾಕೆ" ಅಂದಿದ್ದ. ಸರಿ ಅಂದಿದ್ದು ನಾನೇ. ಆ ಪೌಡರ್ ಮಾರಿದ್ದೂ ನಾನೇ ಅನ್ನಿ. ಬದಲಾಯಿಸಲು ಅರ್ಧ ದಿನ ಸಾಕಾಯಿತು.

ಇದರ ಉಲ್ಟಾ ತಪ್ಪು ಇನ್ನೂ ಜಾಸ್ತಿ: ತಾರಸಿಯ ಮಳೆ ನೀರನ್ನು ಒಳಚರಂಡಿಗೆ ಬಿಟ್ಟಿರುತ್ತಾರೆ. ಜೋರು ಮಳೆ ಬಂದಾಗ ಆ ಪೈಪು ತಡೆಯಲ್ಲ. ಮ್ಯಾನ್‌ಹೋಲ್ ಮುಚ್ಚಳ ಎತ್ತಿಕೊಂಡು ಹೊಲಸೆಲ್ಲ ರಸ್ತೆಗೆ, ಅಲ್ಲಿಂದ ಕೆರೆಗೆ. ಪರೀಕ್ಷೆ ಸುಲಭ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ತಾರಸಿ ತೂತಿಗೆ ಸುರಿಯಿರಿ. ಒಬ್ಬರು ಕೆಳಗೆ ನಿಂತಿರಲಿ. ನೀಲಿ ಬರಬೇಕಾದ್ದು ಮಳೆ ಚರಂಡಿಗೆ ಅಥವಾ ಇಂಗುಗುಂಡಿಗೆ. ಬರಲೇ ಇಲ್ಲ ಅಂದರೆ ಎಲ್ಲಿಗೆ ಹೋಯಿತು ಅಂತ ನಿಮಗೇ ಗೊತ್ತಾಗುತ್ತೆ.

ಅಕ್ಕಪಕ್ಕದವರು ನಂಬದಿದ್ದರೆ ಬಾಟಲಿ ತೋರಿಸಿ. ನಾನು ಕೈಗೆ ಗ್ಲೌಸ್ ಹಾಕಿಕೊಂಡು ಎರಡು ಕಡೆಯ ನೀರು ತಂದೆ: ಕೆರೆಗೆ ಕಾಲುವೆ ಸೇರುವ ಜಾಗದ್ದು ಒಂದು, ಮನೆ ಬೋರ್‌ವೆಲ್‌ದು ಒಂದು. ಎರಡಕ್ಕೂ ಕೆರೆಯ ಹಸಿರು ನೀರು ಒಂದೊಂದು ಚಮಚ ಹಾಕಿ, ಮುಚ್ಚಳ ಸಡಿಲ ಬಿಟ್ಟು, ಅಂಗಡಿ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟೆ. ವಾರದೊಳಗೆ ಕಾಲುವೆಯ ಬಾಟಲಿ ಪಾಲಕ್ ಸಾರಿನ ಹಾಗಾಯಿತು. ಬೋರ್‌ವೆಲ್‌ದು ಹೆಚ್ಚೂಕಮ್ಮಿ ಹಾಗೇ ಇತ್ತು. ಅಂಕಿ ಬೇಕು ಅನ್ನುವವರಿಗೆ ಅಕ್ವೇರಿಯಂ ಅಂಗಡಿಯಲ್ಲಿ ನೈಟ್ರೇಟ್, ಫಾಸ್ಫೇಟ್ ಕಿಟ್ ಸಿಗುತ್ತದೆ. ನೀರಿನ ಆಮ್ಲಜನಕ ಅಳೆಯುವುದಾದರೆ ಮಾತ್ರ ಸೂರ್ಯ ಹುಟ್ಟುವ ಮುಂಚೆ ಅಳೆಯಿರಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಮಧ್ಯಾಹ್ನ ಅಳೆದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತೆ, ಬೆಳಗ್ಗೆ ನೋಡಿದರೆ ಮೀನು ಸತ್ತು ತೇಲುತ್ತಿರುತ್ತವೆ. ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮೀನಿಗೆ ಕಷ್ಟ.

ಪಾರ್ಕಿನ ಮಾಲಿ ಹತ್ತಿರವೂ ಒಂದು ಮಾತು ಆಡಿ. ಮೋಡ ಕಟ್ಟಿದ ದಿನ ಯೂರಿಯಾ ಎರಚಿದರೆ ಅದು ಹುಲ್ಲಿಗಲ್ಲ, ಕೆರೆಗೆ.

ಕಿತ್ತ ಅಂತರಗಂಗೆಯನ್ನು ದಡದಲ್ಲೇ ಗುಡ್ಡೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಅದು ಕೊಳೆತು, ಮಳೆಗೆ ರಸ ಇಳಿದು, ಕಿತ್ತಿದ್ದೆಲ್ಲ ವಾಪಸ್ ನೀರಿಗೇ ಬರುತ್ತದೆ. ಕಾಂಪೋಸ್ಟಿಗೆ ದೂರ ಸಾಗಿಸಿ. ಜೊಂಡಿಗೂ ಇದೇ ಮಾತು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರು ಜೊಂಡಿನ ಜೌಗು ದಾಟಿ ಕೆರೆಗೆ ಬರುತ್ತದೆ. ಮಾಮೂಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ರಂಜಕವನ್ನು ಪೂರ್ತಿ ತೆಗೆಯಲ್ಲ, ಉಳಿದಿದ್ದರಲ್ಲಿ ಒಂದಷ್ಟನ್ನು ಜೊಂಡು ಹೀರುತ್ತದೆ. ಆದರೆ ಬಲಿತ ಮೇಲೆ ಕೊಯ್ದು ಹೊರಗೆ ಹಾಕಬೇಕು.

ಎಲ್ಲ ನಿಲ್ಲಿಸಿದರೂ ಮರುವರ್ಷವೇ ತಿಳಿನೀರು ಬರಲ್ಲ. ಹಳೇ ರಂಜಕ ಹೂಳಿನಲ್ಲಿ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ಮೇಲೇಳುತ್ತದೆ.

ಉಕ್ಕುವ ಮ್ಯಾನ್‌ಹೋಲ್ ಕಂಡರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಫೋಟೋ ತೆಗೆಯುವಾಗ ಪಕ್ಕದ ಕರೆಂಟ್ ಕಂಬದ ನಂಬರ್ ಕಾಣುವ ಹಾಗೆ ತೆಗೆಯಿರಿ. ಬಂದವರು ಜಾಗ ಹುಡುಕುತ್ತಾ ಸುತ್ತುವುದು ತಪ್ಪುತ್ತದೆ.