ಬಾಲಿಗೆ ಹೋಗೋರು ಶಾಪಿಂಗ್ ಮಾಡೋ ಮುಂಚೆ ಇದನ್ನ ಓದಿ

ಬಾಲಿ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ ಒಂದು ಮಾತು, ಎಲ್ಲಾನೂ ಕೂಟಾ ಬೀಚ್ ಹತ್ರದ ಅಂಗಡಿಗಳಲ್ಲೇ ತಗೊಂಡು ಬರಬೇಡಿ. ಬಾಲಿಯಲ್ಲಿ ಒಂದೊಂದು ಊರಿಗೂ ಒಂದೊಂದು ಕಸುಬು ಇದೆ, ಸಾಧ್ಯ ಆದ್ರೆ ಆ ಊರಿಗೇ ಹೋಗಿ. ಉಬುದ್‌ಗೆ ಹೋಗೋ ದಾರೀಲೇ ಸುಮಾರು ಸಿಗುತ್ತೆ, ಬಟುಬುಲಾನ್‌ನಲ್ಲಿ ಕಲ್ಲಿನ ಕೆತ್ತನೆ, ಚೆಲುಕ್‌ನಲ್ಲಿ ಬೆಳ್ಳಿ, ಮಾಸ್‌ನಲ್ಲಿ ಮರದ ಕೆತ್ತನೆ. ಮಾಸ್‌ನಲ್ಲಿ ಗರುಡ, ರಾಮ, ಸೀತೆ ಎಲ್ಲಾ ಇದಾರೆ, ನಮ್ಮ ದೇವ್ರುಗಳನ್ನ ಅವ್ರ ಕೈಕೆಲಸದಲ್ಲಿ ನೋಡೋದೇ ಒಂದು ಖುಷಿ. ಬೆಳ್ಳಿ ತಗೊಂಡ್ರೆ 925 ಅನ್ನೋ ಮುದ್ರೆ (ಅಂದ್ರೆ 92.5% ಬೆಳ್ಳಿ) ನೋಡಿ, ತೂಕಾನೂ ಕೇಳಿ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ತೆಂಗನಾನ್ ಹಳ್ಳಿಯ ಗೆರಿಂಗ್‌ಸಿಂಗ್ ಬಟ್ಟೆ, ಪೂರ್ವದ ಕಡೆ ಚಂಡಿದಾಸ ಅನ್ನೋ ಊರಿನ ಹತ್ರ ಇರೋ ಹಳ್ಳಿ ಅದು. ಹಾಸು ಹೊಕ್ಕು ಎರಡೂ ದಾರಕ್ಕೆ ನೇಯೋಕೆ ಮುಂಚೇನೇ ಗಂಟು ಕಟ್ಟಿ ಬಣ್ಣ ಹಾಕ್ತಾರೆ, ಆಮೇಲೆ ನೇಯುವಾಗ ಡಿಸೈನ್ ಸರಿಯಾಗಿ ಕೂರಬೇಕು, ಗುಜರಾತಿನ ಪಾಟಣದ ಪಟೋಲ ಸೀರೆ ಥರಾನೇ. ಒಂದು ಬಟ್ಟೆ ಮುಗಿಯೋಕೆ ವರ್ಷಗಳೇ ಹಿಡಿಯುತ್ತೆ, ಅದಕ್ಕೇ ರೇಟ್ ಜಾಸ್ತಿ, ದಯವಿಟ್ಟು ಅಲ್ಲಿ ಸಿಕ್ಕಾಪಟ್ಟೆ ಚೌಕಾಸಿ ಮಾಡಬೇಡಿ. ಅಷ್ಟು ದುಡ್ಡು ಬೇಡ ಅಂದ್ರೆ ಅದೇ ಊರಲ್ಲಿ ಆಟಾ ಅನ್ನೋ ಬಳ್ಳಿಯಿಂದ ಹೆಣೆದ ಬ್ಯಾಗ್, ಬುಟ್ಟಿ ತಗೊಳ್ಳಿ, ಹೊಗೆ ಹಾಕಿ ಗಟ್ಟಿ ಮಾಡಿರ್ತಾರೆ, ಆ ಹೊಗೆ ವಾಸನೆ ಸ್ವಲ್ಪ ದಿನ ಇರುತ್ತೆ, ಗಾಬರಿ ಬೇಡ.

ಎಲ್ರಿಗೂ ಕೊಡೋಕೆ ಸಣ್ಣಪುಟ್ಟ ಗಿಫ್ಟ್ ಬೇಕು ಅಂದ್ರೆ ಸುಕಾವತಿ ಮಾರ್ಕೆಟ್, ಬೆಳಿಗ್ಗೆ ಬೇಗ ಹೋಗಿ. ಅಲ್ಲಿ ಮಾತ್ರ ಧಾರಾಳವಾಗಿ ಚೌಕಾಸಿ ಮಾಡಿ. ದುಡ್ಡು ಕೊಡುವಾಗ ಅಲ್ಲಿನ ರೂಪಿಯಾ ನೋಟಿನ ಸೊನ್ನೆ ಎರಡೆರಡು ಸಲ ಎಣಿಸಿ, 10,000ಕ್ಕೂ 1,00,000ಕ್ಕೂ ಅವಸರದಲ್ಲಿ ಗೊಂದಲ ಆಗುತ್ತೆ.