ಖಾಸಗಿ ಚಿತ್ರ ಹರಡಿದಾಗ ಯಾವ ದೇಶದ ಕಾನೂನು ಕೈಹಿಡಿಯುತ್ತದೆ?

ಕಕ್ಕಡ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಸೋಮವಾರಪೇಟೆ ಕಡೆಯ ಹೆಂಗಸೊಬ್ಬರು ತಮ್ಮ ತಂಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಪ್ಯಾರಾ ಲೀಗಲ್ ಸ್ವಯಂಸೇವಕಿ, ಅಂದರೆ ಕಾನೂನಿನ ನೆರವಿಗೆ ದಾರಿ ತೋರಿಸುವವಳು ಎಂದು ಯಾರೋ ಹೇಳಿದ್ದರಂತೆ. ತಂಗಿಗೆ ನಿಶ್ಚಿತಾರ್ಥವಾಗಿ ಸಂಬಂಧ ಮುರಿದಿತ್ತು. ಹುಡುಗ ದುಬೈನಲ್ಲಿ ಕೆಲಸದಲ್ಲಿದ್ದಾನೆ. ಮಾತುಕತೆ ಚೆನ್ನಾಗಿದ್ದಾಗ ವಿಡಿಯೊ ಕಾಲ್‌ನಲ್ಲಿ ಅವಳಿಗೆ ಗೊತ್ತಾಗದಂತೆ ಹಿಡಿದಿಟ್ಟುಕೊಂಡಿದ್ದ ಚಿತ್ರಗಳು ಈಗ ಒಂದು ಅಶ್ಲೀಲ ಜಾಲತಾಣದಲ್ಲಿದ್ದವು. ನೆಂಟರ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದ್ದವು.

ತಂಗಿ ಬಾಯಿ ಬಿಡಲಿಲ್ಲ. ಮಾತಾಡಿದ್ದೆಲ್ಲ ಅಕ್ಕನೇ. "ಹುಡುಗ ದುಬೈನಲ್ಲಿ. ವೆಬ್‌ಸೈಟು ಯಾವ ದೇಶದ್ದೋ. ಮಡಿಕೇರಿ ಪೊಲೀಸರಿಗೆ ಹೇಳಿದರೆ ಏನು ಪ್ರಯೋಜನ? ಕೊನೆಗೆ ಇವಳ ಮೇಲೇ ಕೇಸ್ ಹಾಕಿದರೆ?"

ಆ ಕೊನೆಯ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತಪ್ಪು ಮಾಡಿದವನು ಸಮುದ್ರದಾಚೆ ನೆಮ್ಮದಿಯಾಗಿದ್ದ, ನೋವುಂಡವಳು ಜೈಲಿಗೆ ಹೆದರಿ ಕೂತಿದ್ದಳು. ಈ ಭಯಕ್ಕೆ ಒಂದು ಕಾರಣ ನಮ್ಮ ಕಾನೂನಿನ ಹಳೆಯ ಭಾಷೆಯಲ್ಲೇ ಇದೆ. ಅದನ್ನು ಮೊದಲು ಬಿಡಿಸಿಕೊಂಡರೆ ಮುಂದಿನ ಹೆಜ್ಜೆಗಳು ಸಲೀಸು.

ಕಾನೂನು ಏನು ಕೇಳುತ್ತದೆ ಎಂದು ತಿಳಿಯಿರಿ

ಅಶ್ಲೀಲ ಚಿತ್ರಗಳ ಬಗ್ಗೆ ಜಗತ್ತಿನ ಕಾನೂನುಗಳು ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತವೆ. ಇದು ಸಭ್ಯತೆ ಮೀರಿದೆಯೇ? ನೋಡುವವರ ವಯಸ್ಸೆಷ್ಟು? ಚಿತ್ರದಲ್ಲಿರುವವರು ಒಪ್ಪಿದ್ದರೇ?

ನಮ್ಮದು ಬಹುಕಾಲ ಮೊದಲ ಪ್ರಶ್ನೆಯಲ್ಲೇ ನಿಂತ ದೇಶ. ಇಂಗ್ಲೆಂಡಿನ ನ್ಯಾಯಾಲಯವೊಂದು 1868ರಲ್ಲಿ ಹಾಕಿಕೊಟ್ಟ, ದುರ್ಬಲ ಮನಸ್ಸನ್ನು ಕೆಡಿಸುವುದೇ ಎಂದು ನೋಡುವ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟ್ 2014ರವರೆಗೂ ಪೂರ್ತಿ ಕೈಬಿಟ್ಟಿರಲಿಲ್ಲ. ಆ ವರ್ಷದ ಅವೀಕ್ ಸರ್ಕಾರ್ ತೀರ್ಪಿನಲ್ಲಿ, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕು ಎಂದಿತು. ಈಗ ಹಳೆಯ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67 ಮತ್ತು 67ಎ ಕಲಂಗಳು ಅಶ್ಲೀಲವಾದುದನ್ನು ಮಾರುವುದು, ಪ್ರಕಟಿಸುವುದು, ಕಳಿಸುವುದನ್ನು ಅಪರಾಧ ಎನ್ನುತ್ತವೆ. ಚಿತ್ರವೇ ಅಪರಾಧ ಎಂದು ಕೇಳಿಸುವ ಈ ಮಾತಿನಿಂದಲೇ, ಚಿತ್ರದಲ್ಲಿರುವವಳೂ ಅಪರಾಧಿ ಎಂಬ ತಪ್ಪು ಕಲ್ಪನೆ ಊರಲ್ಲಿ ಬೇರೂರಿದೆ.

ಆದರೆ ಮೂರನೆಯ ಪ್ರಶ್ನೆಯೂ ನಮ್ಮ ಕಾನೂನಿನಲ್ಲಿ ಸ್ಪಷ್ಟವಾಗಿ ಇದೆ, ಅದನ್ನು ಹೇಳುವವರು ಕಡಿಮೆ. ನ್ಯಾಯ ಸಂಹಿತೆಯ 77ನೇ ಕಲಂ ಓದಿ: ಹೆಣ್ಣೊಬ್ಬಳ ಖಾಸಗಿ ಗಳಿಗೆಯ ಚಿತ್ರವನ್ನು ಕದ್ದು ತೆಗೆಯುವುದು, ಹಂಚುವುದು ಅಪರಾಧ. ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಜೈಲು. ಅದರ ವಿವರಣೆಯಲ್ಲಿ ಇನ್ನೂ ಒಂದು ಮಾತಿದೆ: ಚಿತ್ರ ತೆಗೆಯಲು ಅವಳೇ ಒಪ್ಪಿದ್ದರೂ, ಮೂರನೆಯವರಿಗೆ ಹಂಚಲು ಒಪ್ಪದಿದ್ದರೆ ಹಂಚಿದವನದು ಅಪರಾಧ. "ನೀನೇ ಕಳಿಸಿದ್ದಲ್ಲವೇ" ಎಂದು ಹೆದರಿಸುವವರಿಗೆ ಈ ಒಂದು ಸಾಲು ತೋರಿಸಿದರೆ ಸಾಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಗಂಡು, ಹೆಣ್ಣು ಎನ್ನದೆ ಎಲ್ಲರಿಗೂ ಅನ್ವಯ; 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹಾಗಾಗಿ ದೂರು ಕೊಡುವಾಗ "ಅಶ್ಲೀಲ ಚಿತ್ರ" ಎಂದು ಶುರು ಮಾಡಬೇಡಿ. "ನನ್ನ ಒಪ್ಪಿಗೆಯಿಲ್ಲದೆ ನನ್ನ ಖಾಸಗಿ ಚಿತ್ರವನ್ನು ಪ್ರಕಟಿಸಲಾಗಿದೆ" ಎಂದು ಬರೆಯಿರಿ. ಒಪ್ಪಿಗೆ ಎಂಬ ಪದ ಮೊದಲ ಸಾಲಿನಲ್ಲೇ ಇರಲಿ.

ಅಳಿಸುವ ಮೊದಲು ಬರೆದಿಡಿ

ಕೈ ನಡುಗುವ ಹೊತ್ತಲ್ಲಿ ಎಲ್ಲರೂ ಮಾಡುವುದು ಒಂದೇ, ಚಾಟ್ ಅಳಿಸಿಬಿಡುವುದು. ಆ ತಂಗಿಯೂ ಅರ್ಧ ಅಳಿಸಿದ್ದಳು. ಅಕ್ಕನ ಚೀಲದಲ್ಲಿ ಕಾಫಿ ಕುಯ್ಲಿನ ಲೆಕ್ಕದ ಪುಸ್ತಕವಿತ್ತು. ಅದರ ಹಿಂದಿನ ಹಾಳೆಯಲ್ಲೇ ಬರೆಯತೊಡಗಿದೆವು. ಜಾಲತಾಣದ ಪೂರ್ತಿ ವಿಳಾಸ, ಚಿತ್ರ ಹಾಕಿದ ಖಾತೆಯ ಹೆಸರು, ಕಂಡ ದಿನ ಮತ್ತು ಗಂಟೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದವರ ನಂಬರು. ಜೊತೆಗೆ ಸ್ಕ್ರೀನ್‌ಶಾಟ್. ಮೂಲ ಸಂದೇಶವಿರುವ ಮೊಬೈಲನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಪುರಾವೆಗೆ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಆ ಮೊಬೈಲ್ ಬೇಕು. ದುಡ್ಡು ಕೇಳಿ ಬೆದರಿಸುತ್ತಿದ್ದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೊಟ್ಟಷ್ಟೂ ಕೇಳುತ್ತಾರೆ.

ಚಿತ್ರದಲ್ಲಿರುವವರು 18 ತುಂಬದವರಾದರೆ ಮಾತ್ರ ದಾರಿ ಬೇರೆ. ಆಗ ಸ್ಕ್ರೀನ್‌ಶಾಟ್ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ, ವಕೀಲರಿಗೂ ಬೇಡ. ಲಿಂಕ್ ಮಾತ್ರ ಬರೆದುಕೊಂಡು ನೇರ ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮಕ್ಕಳ ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದೂ ನೋಡುವುದೂ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಮತ್ತು ಐಟಿ ಕಾಯ್ದೆಯಡಿ ಅಪರಾಧವಾಗಬಹುದು ಎಂದು ಹೇಳಿತು. ಇದನ್ನು ಮಕ್ಕಳ ಅಶ್ಲೀಲತೆ ಎಂದು ಕರೆಯಬೇಡಿ, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎನ್ನಿ ಎಂದೂ ಸೂಚಿಸಿತು. ನನಗೆ ಆ ಮಾತು ತುಂಬ ಸರಿ ಎನಿಸಿತು. ವಿಷಯ ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಪ್ರಕಾರ ಶಿಕ್ಷಾರ್ಹ. ಶಾಲೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಡುವವರು ಇದನ್ನು ತಿಳಿದಿರಬೇಕು.

ಜಾಲತಾಣದ ಬಾಗಿಲು ತಟ್ಟಿ

ಪೊಲೀಸ್ ಠಾಣೆಗೆ ಹೋಗುವ ದಿನವೇ ಇದನ್ನೂ ಮಾಡಿ, ಒಂದಕ್ಕಾಗಿ ಇನ್ನೊಂದನ್ನು ಕಾಯಿಸಬೇಡಿ. ಭಾರತದ 2021ರ ಐಟಿ ನಿಯಮಗಳು, ನಗ್ನತೆ ತೋರುವ ಚಿತ್ರದ ಬಗ್ಗೆ ಅದರಲ್ಲಿರುವವರೇ ದೂರಿದರೆ 24 ಗಂಟೆಯೊಳಗೆ ತೆಗೆಯಬೇಕು ಎಂದು ಕಂಪನಿಗಳಿಗೆ ಗಡುವು ಹಾಕಿದವು; 2026ರ ಫೆಬ್ರವರಿಯಲ್ಲಿ ಆ ಗಡುವನ್ನು 2 ಗಂಟೆಗೆ ಇಳಿಸಲಾಯಿತು. ಮುಖ ತಿರುಚಿ ಅಂಟಿಸಿದ ನಕಲಿ ಚಿತ್ರಕ್ಕೂ ಅದು ಅನ್ವಯ. ಕುಂದುಕೊರತೆ ಅಧಿಕಾರಿಯ ವಿಳಾಸ ಕಂಪನಿಯ ತಾಣದಲ್ಲೇ ಇರುತ್ತದೆ.

ಅಶ್ಲೀಲ ತಾಣಗಳು ಸಾಮಾನ್ಯವಾಗಿ ಹೊರದೇಶದವು. ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರು, ದೇಶ ಇರುತ್ತದೆ. ಅದು ಸಿಕ್ಕರೆ ಆ ದೇಶ ಯಾವ ಪ್ರಶ್ನೆ ಕೇಳುತ್ತದೆ ಎಂದು ನೋಡಿ, ದೂರಿನಲ್ಲಿ ಅಲ್ಲಿಯ ಕಾನೂನಿನ ಹೆಸರನ್ನೇ ಬರೆಯಿರಿ.

ಅಮೆರಿಕದಲ್ಲಿ ದೊಡ್ಡವರ ಅಶ್ಲೀಲ ಚಿತ್ರಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆಯೇ ಇದೆ. ಕೋರ್ಟ್ 1973ರ ಮಿಲ್ಲರ್ ತೀರ್ಪಿನ ಅಳತೆಯಿಂದ ಅಳೆದು ಅಶ್ಲೀಲ ಎಂದದ್ದಕ್ಕೆ ಮಾತ್ರ ಆ ರಕ್ಷಣೆ ಇಲ್ಲ. ಮನೆಯೊಳಗೆ ಇಟ್ಟುಕೊಂಡದ್ದು ಅಪರಾಧವಲ್ಲ ಎಂದು 1969ರಲ್ಲೇ ತೀರ್ಪಾಗಿದೆ. ಅಂಥ ದೇಶಕ್ಕೆ "ಇದು ಅಸಭ್ಯ, ತೆಗೆಯಿರಿ" ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ 2025ರ ಮೇ 19ರಂದು ಅಲ್ಲಿ ಟೇಕ್ ಇಟ್ ಡೌನ್ ಕಾಯ್ದೆ ಬಂತು: ಒಪ್ಪಿಗೆಯಿಲ್ಲದ ಚಿತ್ರದ ಬಗ್ಗೆ ಸರಿಯಾದ ದೂರು ಬಂದರೆ 48 ಗಂಟೆಯಲ್ಲಿ ತೆಗೆಯಬೇಕು, ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದಾದರೂ ಸರಿ. ಈ ವ್ಯವಸ್ಥೆ ಮಾಡಿಕೊಳ್ಳಲು ಕಂಪನಿಗಳಿಗೆ ಒಂದು ವರ್ಷ ಕೊಟ್ಟಿತ್ತು. ನೋಡುವವರ ವಯಸ್ಸಿನ ಪ್ರಶ್ನೆಯೂ ಅಲ್ಲಿ ಈಗ ಜೋರಾಗಿದೆ. 2023ರ ಜನವರಿಯಲ್ಲಿ ಲೂಸಿಯಾನ ರಾಜ್ಯ ವಯಸ್ಸಿನ ಪುರಾವೆ ಕಡ್ಡಾಯ ಮಾಡಿತು. ಟೆಕ್ಸಸ್‌ನ ಅಂಥದೇ ಕಾನೂನನ್ನು 2025ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ ಎತ್ತಿಹಿಡಿಯಿತು.

ಬ್ರಿಟನ್ ಒಮ್ಮೆ ಸೋತು ಕಲಿತಿತು. 2017ರಲ್ಲಿ ವಯಸ್ಸು ತಪಾಸಣೆಯ ಕಾನೂನು ಮಾಡಿ, ಜಾರಿ ಮಾಡಲಾಗದೆ 2019ರಲ್ಲಿ ಕೈಬಿಟ್ಟಿತು. ಆಮೇಲೆ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆ ಬಂದು, 2025ರ ಜುಲೈ 25ರಿಂದ ತಪಾಸಣೆ ಜಾರಿಯಾಯಿತು. ತಪ್ಪಿದರೆ 1.8 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ 10 ಶೇಕಡ, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹಂಚುವುದು ಅಲ್ಲಿ 2015ರಿಂದಲೇ ಅಪರಾಧ.

ನನಗೆ ಹೆಚ್ಚು ಹಿಡಿಸಿದ್ದು ಆಸ್ಟ್ರೇಲಿಯಾದ ಏರ್ಪಾಡು. ಅಲ್ಲಿ ಇ-ಸೇಫ್ಟಿ ಕಮಿಷನರ್ ಎಂಬ ಒಂದೇ ಕಚೇರಿ ಇದೆ. 2022ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆಯ ಬಲದಿಂದ ಅದು 24 ಗಂಟೆಯಲ್ಲಿ ಚಿತ್ರ ತೆಗೆಯುವಂತೆ ನೋಟಿಸ್ ಕೊಡುತ್ತದೆ. ನೊಂದವರು ಕೋರ್ಟು, ಠಾಣೆ ಎಂದು ಅಲೆಯಬೇಕಿಲ್ಲ. ಕೊಡಗಿನಿಂದ ಹೋಗಿ ಅಲ್ಲಿ ನೆಲೆಸಿದ ಮಕ್ಕಳಿರುವವರು ಇದನ್ನು ಅವರಿಗೆ ತಿಳಿಸಿ: ಚಿತ್ರದಲ್ಲಿರುವವರೋ ಹಾಕಿದವರೋ ಅಲ್ಲಿಯ ನಿವಾಸಿಯಾದರೆ ಸಾಕು.

ಜಪಾನಿನ ಕಥೆ ಬೇರೆ. ಅಲ್ಲಿಯ ದಂಡಸಂಹಿತೆಯ 175ನೇ ಕಲಮಿನಿಂದಾಗಿ ಇಂದಿಗೂ ಗುಪ್ತಾಂಗವನ್ನು ಮಸುಕು ಮಾಡಿಯೇ ಮಾರುತ್ತಾರೆ. ನಟಿಸುವವರು ಮನಸಾರೆ ಒಪ್ಪಿದ್ದರೇ ಎಂಬ ಪ್ರಶ್ನೆಗೆ ಗಟ್ಟಿ ಕಾನೂನು ಬಂದದ್ದು 2022ರಲ್ಲಿ. ಕರಾರಿನ ನಂತರ ಒಂದು ತಿಂಗಳು ಚಿತ್ರೀಕರಣ ಮಾಡುವಂತಿಲ್ಲ, ಚಿತ್ರೀಕರಣದ ನಂತರ ನಾಲ್ಕು ತಿಂಗಳು ಬಿಡುಗಡೆ ಮಾಡುವಂತಿಲ್ಲ, ಬಿಡುಗಡೆಯ ನಂತರವೂ ಒಂದು ವರ್ಷ ಕಾರಣ ಕೊಡದೆ ಕರಾರು ಮುರಿಯಬಹುದು. ದಕ್ಷಿಣ ಕೊರಿಯಾ ಗುಪ್ತ ಕ್ಯಾಮೆರಾಗಳಿಂದ ಬೆಂದ ದೇಶ. 2020ರ ತಿದ್ದುಪಡಿಯಿಂದ ಅಲ್ಲಿ ಹೀಗೆ ಕದ್ದು ತೆಗೆದ ಚಿತ್ರವನ್ನು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧ, 3 ವರ್ಷದವರೆಗೆ ಜೈಲು. ನಮ್ಮಲ್ಲೂ ಇದು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೋಡುವವರಿದ್ದಾರೆ ಎಂದೇ ಹಾಕುವವರು ಹಾಕುತ್ತಾರೆ.

ಇದಲ್ಲದೆ ಯಾವ ದೇಶಕ್ಕೂ ಅಂಟದ ಒಂದು ಸಾಧನವಿದೆ: ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್. ಚಿತ್ರ ನಿಮ್ಮ ಮೊಬೈಲ್ ಬಿಟ್ಟು ಹೋಗುವುದಿಲ್ಲ. ಅದರ ಒಂದು ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಜೊತೆಗಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ತಡೆಯುತ್ತವೆ. ಬ್ರಿಟನ್ನಿನ ಸಹಾಯವಾಣಿಯೊಂದು ಇದನ್ನು 2021ರ ಡಿಸೆಂಬರ್‌ನಿಂದ ನಡೆಸುತ್ತಿದೆ. 18 ದಾಟಿದವರಿಗೆ ಮಾತ್ರ. ಚಿಕ್ಕವರಿಗೆ ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆಯ ಟೇಕ್ ಇಟ್ ಡೌನ್ ಎಂಬ ಸೇವೆ ಇದೆ, ಮೇಲೆ ಹೇಳಿದ ಕಾಯ್ದೆಯದೇ ಹೆಸರು, ಗೊಂದಲ ಬೇಡ.

ಠಾಣೆಗೆ ಹೋಗಿ

ಕೊಡಗಿನ ಯಾವ ಠಾಣೆಯಾದರೂ ಸರಿ. ಘಟನೆ ಬೇರೆ ಕಡೆಯದು ಎಂದು ವಾಪಸ್ ಕಳಿಸುವಂತಿಲ್ಲ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಝೀರೊ ಎಫ್‌ಐಆರ್ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. 77ನೇ ಕಲಮಿನ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಇದನ್ನು ಕೇಳಲು ಸಂಕೋಚ ಬೇಡ. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ಮಾಡುವಂತಿಲ್ಲ, ಹಾಗಾಗಿ ಪ್ರಕರಣ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಮಳೆಗೆ ರಸ್ತೆ ಕಡಿದು ಮಡಿಕೇರಿಗೆ ಹೋಗಲಾಗದವರು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ದೂರು ದಾಖಲಿಸಬಹುದು. ಹೆಸರು ಹೇಳದೆಯೂ ಆಗುತ್ತದೆ, ಆದರೆ ತನಿಖೆ ಮುಂದುವರಿಯಬೇಕಾದರೆ ಹೆಸರು ಕೊಡುವುದೇ ಒಳ್ಳೆಯದು. ವಕೀಲರ ಖರ್ಚಿಗೆ ಹೆದರಬೇಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಂಬರು 15100.

ಹೋಂಸ್ಟೇ ನಡೆಸುವವರಿಗೂ ಒಂದು ಮಾತು. ಕೋಣೆ, ಬಚ್ಚಲಲ್ಲಿ ಕ್ಯಾಮೆರಾ ಸಿಕ್ಕಿತೆಂದು ಅತಿಥಿ ಹೇಳಿದರೆ ಅದನ್ನು ಮುಟ್ಟದೆ, ಕೋಣೆಗೆ ಬೀಗ ಹಾಕಿ 112ಕ್ಕೆ ಫೋನ್ ಮಾಡಿ.

ಹೊರದೇಶದಲ್ಲಿರುವವನ ವಿಷಯ

ಭಾರತದ ನಾಗರಿಕ ಎಲ್ಲಿದ್ದು ಅಪರಾಧ ಮಾಡಿದರೂ ನ್ಯಾಯ ಸಂಹಿತೆ ಅನ್ವಯವಾಗುತ್ತದೆ. ಹಾಗಾಗಿ ದುಬೈನಲ್ಲಿದ್ದ ಮಾತ್ರಕ್ಕೆ ಆ ಹುಡುಗ ತಪ್ಪಿಸಿಕೊಂಡಂತಲ್ಲ. ವಿಚಾರಣೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ನಿಧಾನವಾಗುತ್ತದೆ, ಅಷ್ಟೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಕೊಲ್ಲಿ ರಾಷ್ಟ್ರಗಳ ಕಾನೂನು ಮೊದಲ ಪ್ರಶ್ನೆಯನ್ನೇ ಬಹಳ ಬಿಗಿಯಾಗಿ ಕೇಳುತ್ತದೆ. ಸೌದಿಯ 2007ರ ಸೈಬರ್ ಕಾನೂನು ನೀತಿ, ಖಾಸಗಿತನಗಳಿಗೆ ಧಕ್ಕೆ ತರುವುದನ್ನು ತಯಾರಿಸಿ ಕಳಿಸಿದರೆ 5 ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ ಎನ್ನುತ್ತದೆ. ಯುಎಇಯಲ್ಲೂ 2021ರ ಸೈಬರ್ ಕಾನೂನು ಇದೆ. ಅಲ್ಲಿರುವ ನೆಂಟರಿಗೆ "ನೋಡಿ, ಇದು ಅವನೇ ಹಾಕಿದ್ದಾ" ಎಂದು ಆ ಚಿತ್ರ ಕಳಿಸಿದರೆ ಪಾಪದ ನೆಂಟರು ಸಿಕ್ಕಿಬೀಳಬಹುದು. ಲಿಂಕನ್ನೂ ಕಳಿಸಬೇಡಿ. ಬಾಯಿಮಾತಿನಲ್ಲಿ ಹೇಳಿ.

ವಾಟ್ಸ್‌ಆ್ಯಪ್ ಗುಂಪಿನ ನೆಂಟರಿಗೂ ಅಕ್ಕ ಅಂದೇ ಫೋನ್ ಮಾಡಿಸಿದರು. ಖಾಸಗಿಯಾಗಿ ದೊಡ್ಡವರ ಅಶ್ಲೀಲ ಚಿತ್ರ ನೋಡುವುದಷ್ಟೇ ಅಪರಾಧವಲ್ಲ ಎಂದು ನಮ್ಮ ನೆರೆಯ ಕೇರಳದ ಹೈಕೋರ್ಟ್ 2023ರಲ್ಲಿ ಹೇಳಿದ್ದುಂಟು, ಆದರೆ ಅದನ್ನು ಮುಂದಕ್ಕೆ ಕಳಿಸಿದ ಕ್ಷಣ 67ನೇ ಕಲಂ ಬರುತ್ತದೆ. ಇಷ್ಟು ಹೇಳಿದ ಮೇಲೆ ಗುಂಪಿನಲ್ಲಿ ಒಬ್ಬೊಬ್ಬರೇ ಅಳಿಸಿದರು. ಒಬ್ಬ ಚಿಕ್ಕಪ್ಪ ಮಾತ್ರ ಅವಳಿಗೇ ಫೋನ್ ಮಾಡಿ, "ನೀನು ಊಟ ಮಾಡಿದೆಯಾ ಮಗಳೇ" ಎಂದು ಕೇಳಿದರಂತೆ.

ಜಾಲತಾಣದಿಂದ ಚಿತ್ರಗಳು ಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಮತ್ತೊಂದು ಹೆಸರಲ್ಲಿ ಮತ್ತೆ ಬರಬಹುದು. ಗೂಗಲ್ ಹುಡುಕಾಟದಿಂದ ತೆಗೆಸಲು ಬೇರೆ ಅರ್ಜಿ ಇದೆ, ಅದನ್ನೂ ತುಂಬಿ. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ ಹುಡುಕಿ, ಆದರೆ ಅದನ್ನು ನೊಂದವಳ ಕೈಯಲ್ಲಿ ಮಾಡಿಸಬೇಡಿ, ನಂಬಿಕಸ್ಥರೊಬ್ಬರು ವಹಿಸಿಕೊಳ್ಳಲಿ. ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಕ್ಕನೇ ಆ ಕೆಲಸ ಮಾಡುತ್ತಾರೆ. ಹೊಸ ಲಿಂಕ್ ಕಂಡರೆ ಕುಯ್ಲಿನ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದು, ಎಫ್‌ಐಆರ್ ಸಂಖ್ಯೆ ಸಮೇತ ಅದೇ ದೂರನ್ನು ಮತ್ತೆ ಕಳಿಸುತ್ತಾರೆ.