444 ಪಾಯಿಂಟ್ ಮೇಲಿನ ಹುಡುಗನ ಜೊತೆ ಒಂದು ಡ್ರಾ

ಚೆಸ್‌ನಲ್ಲಿ ಸ್ವಿಸ್ ಪದ್ಧತಿಯ (ಸೋತವರನ್ನು ಹೊರಹಾಕದೆ ಎಲ್ಲರನ್ನೂ ಎಲ್ಲ ಸುತ್ತು ಆಡಿಸುವ ಪದ್ಧತಿ) ಮೊದಲ ಸುತ್ತು ಅಂದ್ರೆ ನಮ್ಮಂಥವರದು ಹರಕೆ ಕುರಿಯ ಪಾಡು. ರೇಟಿಂಗ್, ಅಂದ್ರೆ ಆಟದ ಬಲ ತೋರಿಸುವ ಅಂಕದ ಪಟ್ಟಿಯಲ್ಲಿ ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧವನ್ನು ಜೋಡಿಸುತ್ತಾರೆ. ಬೆಂಗಳೂರಿನ ಒಂದು ಓಪನ್ ಟೂರ್ನಮೆಂಟ್‌ನಲ್ಲಿ ನನ್ನ ರೇಟಿಂಗ್ 1524, ಎದುರಿಗೆ ಕೂತ ಹುಡುಗನದು 1968. ಹನ್ನೊಂದೋ ಹನ್ನೆರಡೋ ವಯಸ್ಸು. ನಡೆ ಆಡಿದ ಕೂಡಲೇ ಎದ್ದು ಹೋಗಿ ಬೇರೆಯವರ ಬೋರ್ಡ್ ನೋಡುತ್ತಿದ್ದ.

ದೊಡ್ಡ ಆಟಗಾರ ಸಿಕ್ಕರೆ ಕಾಯಿ ಕಡಿಸುತ್ತಾ ಹೋಗು, ಡ್ರಾ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ಮಾಡಿದೆ. ನನ್ನ ಕೇಳಿದರೆ ಅದು ಕೆಟ್ಟ ಸಲಹೆ. ಕಾಯಿ ಕಮ್ಮಿಯಾದಷ್ಟೂ ಅವರ ಲೆಕ್ಕ ಚುರುಕಾಗುತ್ತೆ. 30ನೇ ನಡೆಯ ಹೊತ್ತಿಗೆ ನನ್ನದೊಂದು ಪಾನ್ (ಕಾಲಾಳು) ಹೋಗಿತ್ತು. ಅದಕ್ಕೂ ಮೊದಲೇ ನಾಚಿಕೆ ಬಿಟ್ಟು ಒಮ್ಮೆ ಡ್ರಾ ಕೇಳಿದ್ದೆ. ಅವನು ತಲೆ ಕೂಡ ಎತ್ತಲಿಲ್ಲ.

ಕೊನೆಗೆ ಇಬ್ಬರಿಗೂ ಒಂದೊಂದು ಆನೆ ಉಳಿಯಿತು, ಅವನಿಗೆ ಮಾತ್ರ ಇ5 ಮನೆಯಲ್ಲೊಂದು ಪಾನ್ (ಅಕ್ಷರ ಕಂಬಸಾಲಿಗೆ, ಅಂಕಿ ಅಡ್ಡಸಾಲಿಗೆ). ಇದೊಂದು ನನಗೆ ಬಾಯಿಪಾಠ. ಫ್ರಾನ್ಸಿನ ಆಟಗಾರ ಫಿಲಿಡೋರ್ 18ನೇ ಶತಮಾನದಲ್ಲೇ ತೋರಿಸಿಕೊಟ್ಟ ಉಪಾಯ. ನನ್ನ ರಾಜ ಇ8ರಲ್ಲಿ ಪಾನ್‌ಗೆ ಅಡ್ಡ. ನನ್ನ ಆನೆ 6ನೇ ಸಾಲಿನಲ್ಲಿ, ಅವನ ರಾಜ ಆ ಸಾಲಿಗೆ ಕಾಲಿಡದ ಹಾಗೆ. ಸುಮ್ನೆ ಬಿ6ರಿಂದ ಜಿ6, ಮತ್ತೆ ಬಿ6. ಹುಡುಗ ಈಗ ಕುರ್ಚಿ ಬಿಟ್ಟು ಏಳಲಿಲ್ಲ. ಸುಮಾರು ಹೊತ್ತು ಕಾದು, ಬೇಸತ್ತು, ಪಾನನ್ನು ಇ6ಕ್ಕೆ ತಳ್ಳಿದ. ನಾನು ಆನೆಯನ್ನು ಸೀದಾ ಬಿ1ಕ್ಕೆ ಇಳಿಸಿದೆ. ಪಾನ್ ಮುಂದೆ ಹೋಯಿತಲ್ಲ, ಅವನ ರಾಜ ಅವಿತುಕೊಳ್ಳಲು ಜಾಗವೇ ಇಲ್ಲ. ಹಿಂದಿನಿಂದ ಚೆಕ್ ಮೇಲೆ ಚೆಕ್.

ಅದೇ ಸ್ಥಿತಿ ಮೂರನೇ ಸಲ ಬಂದರೆ ಡ್ರಾ ಕ್ಲೇಮ್ ಮಾಡಬಹುದು. ಹಾಗೆ ಬರುವಾಗಲೇ ಎಡವಟ್ಟಾಗುತ್ತಿತ್ತು. ಆನೆ ಎತ್ತಲು ಕೈ ಚಾಚಿಬಿಟ್ಟಿದ್ದೆ. ಮುಟ್ಟಿದ್ದರೆ ಆ ನಡೆಗೆ ಡ್ರಾ ಕ್ಲೇಮ್ ಮಾಡುವಂತಿರಲಿಲ್ಲ. ಆಡಬೇಕಾದ ನಡೆಯನ್ನು ಮೊದಲು ಹಾಳೆಯಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯಬೇಕು. ಕೈ ಹಿಂದಕ್ಕೆ ಎಳೆದುಕೊಂಡು ಬರೆದೆ. ನನ್ನ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ.

ರೇಟಿಂಗ್ ವ್ಯತ್ಯಾಸ 400 ದಾಟಿದರೂ ನಮ್ಮ ಮಟ್ಟದಲ್ಲಿ 400 ಅಂತಲೇ ಲೆಕ್ಕ. ನನ್ನಿಂದ ನಿರೀಕ್ಷೆ ಇದ್ದದ್ದು 0.08 ಪಾಯಿಂಟ್, ಡ್ರಾದಿಂದ ಸಿಕ್ಕಿದ್ದು 0.5. ಆ ವ್ಯತ್ಯಾಸವನ್ನು ಕೆ ಅನ್ನುವ ಸಂಖ್ಯೆಯಿಂದ ಗುಣಿಸುತ್ತಾರೆ. ನನ್ನ ಕೆ 20, ಹಾಗಾಗಿ 8.4 ರೇಟಿಂಗ್ ಬಂತು. ಹುಡುಗರಿಗೆ ಕೆ 40 ಇರುವುದರಿಂದ ಅವನದು 16.8 ಹೋಯಿತು, ಪಾಪ.

ಹೊರಗೆ ಸಿಕ್ಕಾಗ, "ಅಂಕಲ್, ನಿಮಗೆ ಫಿಲಿಡೋರ್ ಗೊತ್ತಿರಲ್ಲ ಅಂದ್ಕೊಂಡಿದ್ದೆ" ಅಂದ. ಮಧ್ಯಾಹ್ನದ ಸುತ್ತಿನಲ್ಲಿ ನಾನು 24 ನಡೆಗೆ ಸೋತೆ. ಆನೆಗಳು ಮೂಲೆ ಬಿಟ್ಟು ಅಲುಗಿರಲೇ ಇಲ್ಲ.